ಅಕ್ಕಿಕಾಳಿನ ಗಳಿಗೆಯಲ್ಲಿ ಸಿಕ್ಕ ಕಡಲಕಾಗೆ

ಕಾರವಾರ, ಡಿಸೆಂಬರ್ ೧೨

ಕಾಕಾ, ಕಡಲಿನ ದಡದಿಂದ ಗುರುದೇವಿಯ ಶರಣು.

ಸಮುದ್ರ ದೊಡ್ಡದು, ಅದನ್ನು ಬಿಡಿ. ಇಲ್ಲೊಂದು ಹಕ್ಕಿ ಇದೆ. ಹೆಸರಿಗೆ ಕಡಲಕಾಗೆ, ಬಣ್ಣ ಮಾತ್ರ ಕೊಕ್ಕರೆಯಷ್ಟು ಬಿಳುಪು. ಗಾಳಿಯಲ್ಲಿ ತೇಲುತ್ತಿದ್ದದ್ದು ತಟ್ಟನೆ ರೆಕ್ಕೆ ಮಡಚಿ ನೀರಿಗೆ ಬಿದ್ದು ಮೀನು ಕಚ್ಚಿಕೊಂಡು ಏಳುತ್ತದೆ. ಫೋಟೊ ಶಿಬಿರದ ಹನ್ನೆರಡು ಜನ ಮೊಳದುದ್ದದ ಲೆನ್ಸ್ ಹಿಡಿದು ಎರಡು ದಿನ ಒತ್ತಿದ್ದೇ ಒತ್ತಿದ್ದು. ಎಲ್ಲರಿಗೂ ಸಿಕ್ಕಿದ್ದು ಸಿಡಿದ ನೀರು. ನನಗೂ ಅಷ್ಟೇ. "ಮದುವೆ ಫೋಟೊದವರಿಗೆ ಇದು ಕಷ್ಟ" ಎಂದು ಒಬ್ಬರು ನಕ್ಕರು.

ಆಗ ನಾನು ಮೊದಲ ಸಲ ಮದುವೆ ಫೋಟೊ ತೆಗೆಯುವಾಗ ನೀವು ಬೈದದ್ದು ನೆನಪಾಯಿತು: "ಮದುಮಕ್ಕಳ ತಲಿಗೆ ಅಕ್ಕಿಕಾಳು ಬಿದ್ದ ಮ್ಯಾಲ ಒತ್ತಿದ್ರ ಏನ್ ಬರ್ತದ? ಮಂದಿ ಕೈ ನೋಡು, ಮುಷ್ಟಿ ಸಡ್ಲಾಗೂದ್ರಾಗ ಒತ್ತು!" ಇವತ್ತು ಬೆಳಿಗ್ಗೆ ನೀರು ನೋಡುವುದನ್ನು ಬಿಟ್ಟು ಹಕ್ಕಿಯ ಕತ್ತು ನೋಡಿದೆ. ಕತ್ತು ಬಾಗಿತು, ಒತ್ತಿದೆ. ಫೋಟೊದಲ್ಲಿ ಕೊಕ್ಕು ನೀರಿಗೆ ತಾಗಿದೆ, ಕೆಳಗೆ ಮೀನಿನ ಬೆನ್ನು ಹೊಳೆಯುತ್ತಿದೆ, ಒಂದು ಹನಿಯೂ ಸಿಡಿದಿಲ್ಲ.

ಶಿಬಿರದ ಗುರುಗಳು ಅದನ್ನು ಎಲ್ಲರ ಮುಂದೆ ಪರದೆಗೆ ಹಾಕಿ, ಯಾರ ಹತ್ತಿರ ಕಲಿತೆ ಎಂದು ಕೇಳಿದರು. "ನಮ್ಮ ಕಾಕಾರ ಕಡೆ ರೀ. ಸುರಪುರದಾಗ ಮದುವಿ ಫೋಟೊ ತೆಗೀತಾರ್ರಿ" ಎಂದೆ. ನಕ್ಕವರೇ ಈಗ ಅಕ್ಕಿಕಾಳಿನ ಪಾಠ ಹೇಳಿಸಿಕೊಳ್ಳುತ್ತಿದ್ದಾರೆ.

ಉಪ್ಪುಗಾಳಿಗೆ ಮೂಗು ಸುಲಿದಿದೆ, ಉಳಿದಂತೆ ಆರಾಮ. ಕಟ್ಟಿಕೊಟ್ಟ ರೊಟ್ಟಿ ನಿನ್ನೆಗೆ ಮುಗಿದವು. ಈ ಅಂಚೆ ಕಾರ್ಡು ತುಂಬಿತು. ಅಂಗಡಿಯ ಗಾಜಿನ ಕಪಾಟಿನಲ್ಲಿ ನನ್ನದೇ ಮದುವೆಯ ಫೋಟೊಗೆಂದು ನಾಲ್ಕು ವರ್ಷದಿಂದ ಜಾಗ ಖಾಲಿ ಇಟ್ಟಿದ್ದೀರಲ್ಲ, ಅದನ್ನು ಒರೆಸಿಡಿ. ಹಕ್ಕಿ ಬರುತ್ತಿದೆ.

ಗುರುದೇವಿ