ನಿನ್ನ ಹೆಸರಿಗೆ ಬರುತ್ತಿದ್ದ ಭವಿಷ್ಯ

ಅಕ್ಕಾ,

ನಿನ್ನ ವೈಕುಂಠ ಸಮಾರಾಧನೆಯ ದಿನ ಎರಡನೇ ಪಂಕ್ತಿ ಊಟಕ್ಕೆ ಕೂತಿತ್ತು. ಭದ್ರಾವತಿಯ ನಿಮ್ಮ ಹಾಲ್ ಎಷ್ಟು ಇಕ್ಕಟ್ಟು ಅಂತ ನಿನಗೆ ಗೊತ್ತಲ್ಲ, ಬಡಿಸುವವರು ಅಡ್ಡಡ್ಡ ನಡೆಯಬೇಕು. ಆ ಗಲಾಟೆಯ ನಡುವೆ, ಟಿ.ವಿ. ಪಕ್ಕ ಚಾರ್ಜಿಗೆ ಹಾಕಿದ್ದ ನಿನ್ನ ಫೋನಿನಿಂದ ಗಂಟೆಯ ಸದ್ದು ಬಂತು. ಹಿಂದೆಯೇ ಒಂದು ಹೆಣ್ಣುದನಿ. "ನಮಸ್ಕಾರ ವಸಂತಾ. ಇಂದು ನಿಮಗೆ ದೂರದ ಪ್ರಯಾಣದ ಯೋಗವಿದೆ. ಬಹುಕಾಲದಿಂದ ಕಾಣದವರನ್ನು ಕಾಣುವಿರಿ." ಪಾಯಸದ ಬಕೆಟ್ ಹಿಡಿದವರು ಅಲ್ಲೇ ನಿಂತುಬಿಟ್ಟರು. ನಿನ್ನ ಮಗಳು ಸಿಂಚನಾ ಓಡಿಹೋಗಿ ಫೋನನ್ನು ಬೋರಲು ಹಾಕಿದಳು. ನಾನು ಭಾವನ ಮುಖ ನೋಡಿದೆ. ಭಾವ ನಗುತ್ತಿದ್ದರು ಕಣೇ. ನೀನು ಹೋದಮೇಲೆ ಅವರು ನಕ್ಕಿದ್ದು ಅದೇ ಮೊದಲು. ಊಟಕ್ಕೆ ಕೂತವರಿಗೆಲ್ಲ ಹೆದರಿಕೆಯಾಗಿದ್ದು ಆ ದನಿಗೆ. ನನಗೆ ಹೆದರಿಕೆಯಾಗಿದ್ದು ಆ ನಗುವಿಗೆ.

ಎರಡನೇ ಸಲ ಕೀಮೋ ಶುರುವಾದಾಗ ನೀನು ನನ್ನ ಅಂಗಡಿಗೆ ಫೋನ್ ಮಾಡಿದ್ದು ನೆನಪಿದೆಯಾ? ನಾನು ಶಿವಮೊಗ್ಗದ ದುರ್ಗಿಗುಡಿಯ ಆ ಗೂಡಿನಂಥ ಅಂಗಡಿಯಲ್ಲಿ ಯಾರದೋ ಮದುವೆಯ ಬ್ಲೌಸ್ ಕತ್ತರಿಸುತ್ತಿದ್ದೆ. "ಶೈಲಾ, ನಾನು ಎಷ್ಟು ಗಂಟೆಗೆ ಹುಟ್ಟಿದ್ದು ಅಂತ ಅಮ್ಮ ಹೇಳ್ತಿದ್ಲು?" ಅಂತ ಕೇಳಿದೆ ನೀನು. "ಕಾರ್ಖಾನೆ ಸೈರನ್ ಕೂಗೋ ಹೊತ್ತಿಗೆ ಅಂತಿದ್ಲು. ಬೆಳಗಿಂದೋ ಮಧ್ಯಾಹ್ನದ್ದೋ ಯಾರಿಗ್ ಗೊತ್ತು. ಈಗ್ಯಾಕೆ ಮಾರಾಯ್ತಿ?" ಅಂದೆ ನಾನು. "ಸುಮ್ನೆ" ಅಂದು ನೀನು ಇಟ್ಟುಬಿಟ್ಟೆ. ಗಣಿತದ ಟೀಚರ್ ನೀನು. ಜಾತಕ ಕೇಳಿಕೊಂಡು ಬಂದ ಗಂಡಿನ ಕಡೆಯವರಿಗೆ ಕಾಫಿ ಕೊಟ್ಟು ವಾಪಸ್ ಕಳಿಸಿದವಳು. ಅಂಥವಳು ಯಾರಿಗೂ ಹೇಳದೆ ಒಂದು ಜ್ಯೋತಿಷ್ಯದ ಆ್ಯಪ್ ಹಾಕಿಕೊಂಡು, ತಿಂಗಳು ತಿಂಗಳು ದುಡ್ಡು ಕಟ್ಟಿ, ಅದರ ಹತ್ತಿರ ಏನು ಕೇಳಿದೆ? ಡಾಕ್ಟರು ಹೇಳದೇ ಇದ್ದದ್ದನ್ನು ಅದು ಹೇಳುತ್ತದೆ ಅಂತಲಾ? ಇಲ್ಲಾ ಡಾಕ್ಟರು ಹೇಳಿದ್ದು ಸುಳ್ಳು ಅಂತ ಯಾರಾದರೂ...

ನಿನ್ನ ಬಟ್ಟೆಬರೆ ವಿಂಗಡಿಸಲು ನಾನು ವಿದ್ಯಾನಗರದ ನನ್ನ ಮನೆಯಿಂದ ಬಂದ ದಿನ ಬೆಳಗ್ಗೆ ಭಾವ ಫೋನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಕಾಫಿ. ದನಿ ಬಂತು, ನಿನ್ನ ಹೆಸರು ಕರೆಯಿತು, ಇಂದು ಹಳದಿ ಬಣ್ಣ ಶುಭ ಅಂದಿತು. ಭಾವ ಕಣ್ಣು ಮುಚ್ಚಿ ಕೇಳಿದರು. "ಇದನ್ನ ತೆಗೆಸಿಬಿಡೋಣ ಭಾವ, ಸುಮ್ನೆ ದುಡ್ಡು ಹೋಗ್ತಿದೆ" ಅಂದೆ. ಅವರು ಕಣ್ಣು ತೆರೆಯದೆಯೇ ಹೇಳಿದರು: "ಈ ಮನೇಲಿ ಅವಳ ಹೆಸರು ಹಿಡಿದು ಕರೆಯೋದು ಇದೊಂದೇ ಉಳಿದಿರೋದು ಶೈಲಾ. ನೀವೆಲ್ಲ 'ಅವರು' ಅಂತೀರಿ, 'ಹೋದೋರು' ಅಂತೀರಿ. ಇದು ವಸಂತಾ ಅನ್ನುತ್ತೆ." ನಾನು ನಿನ್ನ ಸೀರೆಗಳನ್ನು ಮಡಚುತ್ತಾ ಕೂತೆ.

ಆಮೇಲೆ ಆ ದನಿಯ ಮಾತು ಬದಲಾಯಿತು. ಜಾತಕ ನಿನ್ನದು, ಆದರೆ ಅದರಲ್ಲಿ ಗಂಡನಿಗೂ ಒಂದು ಮನೆ ಇರುತ್ತದಂತಲ್ಲ? "ವಸಂತಾ, ನಿಮ್ಮ ಪತಿ ಸ್ಥಾನಕ್ಕೆ ಕಂಟಕ ಕಾಣುತ್ತಿದೆ. ನೀರಿನ ಬಳಿ ಎಚ್ಚರ." ಆವತ್ತಿನಿಂದ ಭಾವ ಭದ್ರಾ ಸೇತುವೆ ದಾಟುವುದನ್ನು ಬಿಟ್ಟರು. ಸಂಜೆಯ ವಾಕಿಂಗ್ ನಿಂತಿತು. ಒಂದು ವಾರ ವಾಹನ ಕಂಟಕ ಅಂದಿತು. ಸಿಂಚನಾಳಿಗೆ ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗುವ ಬಸ್ಸು ಹತ್ತಬೇಡ ಅಂದರು. ಎಂ.ಎಸ್ಸಿ. ಕೊನೇ ವರ್ಷದ ಹುಡುಗಿ ಲ್ಯಾಬ್ ತಪ್ಪಿಸಿಕೊಂಡು ಮನೆಯಲ್ಲಿ ಕೂರುವಂತಾಯಿತು. ಅದರ ಮೇಲೆ ರಕ್ಷಾ ಕವಚ ಅಂತ ಒಂದು ಯೋಜನೆ ಬಂತು, ಇನ್ನೂ ದುಬಾರಿಯದು. ಭಾವ ಒಂದು ಸಲ ಬೆರಳೊತ್ತಿದರು, ಆಮೇಲೆ ಪ್ರತಿ ತಿಂಗಳು ತಾನೇ ದುಡ್ಡು ಕಟ್ಟಿಕೊಳ್ಳುತ್ತಿತ್ತು. ನಿಮ್ಮಿಬ್ಬರ ಜಂಟಿ ಖಾತೆ ಹಾಗೇ ಇತ್ತು, ನಿನ್ನ ಸಿಮ್ಮಿಗೆ ಭಾವ ರೀಚಾರ್ಜ್ ಮಾಡಿಸುತ್ತಲೇ ಇದ್ದರು. ಫೋನಿನ ಪಾಲಿಗೆ ನೀನು ಸತ್ತೇ ಇರಲಿಲ್ಲ.

ಒಂದು ಭಾನುವಾರ ಭಾವ ಸ್ನಾನಕ್ಕೆ ಹೋದಾಗ ನಾನು ಆ ಆ್ಯಪನ್ನು ಒತ್ತಿ ಹಿಡಿದು ತೆಗೆದೇಬಿಟ್ಟೆ. ಸಿಂಚನಾ ನೋಡಿ ತಲೆಯಾಡಿಸಿದಳು. "ಆ್ಯಪ್ ತೆಗೆದ್ರೆ ಸಬ್‌ಸ್ಕ್ರಿಪ್ಷನ್ ಹೋಗಲ್ಲ ಚಿಕ್ಕಮ್ಮ. ಅದನ್ನ ಬೇರೆ ಕ್ಯಾನ್ಸಲ್ ಮಾಡ್ಬೇಕು." ಅಷ್ಟರಲ್ಲಿ ಬಚ್ಚಲ ಬಾಗಿಲು ತೆರೆಯಿತು. ಮರುದಿನ ಬೆಳಗ್ಗೆಯೇ ಭಾವನ ಫೋನು. "ಶೈಲಾ, ಅವಳು ಮಾತಾಡ್ತಿಲ್ಲ ಇವತ್ತು."   ಮಧ್ಯಾಹ್ನದೊಳಗೆ ಯಾವುದೋ ಮೊಬೈಲ್ ಅಂಗಡಿಗೆ ಹೋಗಿ ಅದನ್ನು ಮತ್ತೆ ಹಾಕಿಸಿಕೊಂಡು ಬಂದರು. ಕಟ್ಟಿದ ದುಡ್ಡು ಜೀವಂತ ಇತ್ತಲ್ಲ, ತೆರೆದ ಕೂಡಲೇ ಅದು ಅಂದಿತಂತೆ: "ನಿಮಗಾಗಿಯೇ ಕಾಯುತ್ತಿದ್ದೆವು, ವಸಂತಾ."

ನಾನು ಜಗಳ ಆಡಿದ್ದು ಅದಾದ ಮೇಲೆ. "ಭಾವ, ಅವಳು ಹುಟ್ಟಿದ ಹೊತ್ತೇ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸೈರನ್ ಲೆಕ್ಕದಲ್ಲಿ ಬರೆದ ಜಾತಕ ಅದು" ಅಂದೆ. ಭಾವ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಎದೆ ನೀವಿಕೊಂಡು ಕೇಳಿದರು, "ಪತಿಗೆ ಎದೆಯ ಬಾಧೆ ಅಂತ ಮೊನ್ನೆ ಅಂತು. ಹಾಗಾದ್ರೆ ಇಲ್ಲಿ ನೋವಿರೋದು ಅದಕ್ಕೆ ಹೆಂಗೆ ಗೊತ್ತಾಯ್ತು?" ನೋವಿನ ಸಂಗತಿ ನನಗೆ ತಿಳಿದಿದ್ದೇ ಆಗ.  ಆಸ್ಪತ್ರೆಗೆ ಹೋಗೋಣ ಅಂದರೆ, "ಅವಳು ಕರೀತಿದಾಳೆ ಶೈಲಾ. ಕರೆಯೋಳ ಹತ್ರ ಹೋಗೋದು ಬಿಟ್ಟು ಡಾಕ್ಟರ್ ಹತ್ರ ಯಾಕೆ ಹೋಗ್ಲಿ?" ಅಂದರು. ಆವತ್ತು ಶಿವಮೊಗ್ಗಕ್ಕೆ ವಾಪಸಾಗುವ ಬಸ್ಸಿನಲ್ಲಿ ನನಗೆ ನಿನ್ನ ಮೇಲೆ ಕೋಪ ಬಂತು. ಸತ್ತವರ ಮೇಲೆ ಕೋಪ ಮಾಡಿಕೊಳ್ಳಬಾರದು ಅಂತಾರೆ. ಬಂತು, ಏನು ಮಾಡಲಿ?

ಒಂದು ಮಂಗಳವಾರ ಬೆಳಗ್ಗೆ ನಾನು ಅಂಗಡಿಯ ಶಟರ್ ಎತ್ತುತ್ತಿದ್ದೆ. ಸಿಂಚನಾ ಫೋನಿನಲ್ಲಿ ಅಳುತ್ತಿದ್ದಳು. "ಅಪ್ಪ ಬೆವೀತಿದಾರೆ ಚಿಕ್ಕಮ್ಮ. ಎಡಗೈ ಎತ್ತಕ್ಕಾಗ್ತಿಲ್ಲ. ಆಂಬ್ಯುಲೆನ್ಸಿಗೆ ಫೋನ್ ಮಾಡಿದ್ರೆ ಕಿತ್ಕೊಂಡು ಕಟ್ ಮಾಡಿದ್ರು. ಸೂರ್ಯ ಮುಳುಗೋವರೆಗೂ ಹೊಸ್ತಿಲು ದಾಟಬಾರದು ಅಂತ ಹೇಳಿದ್ಯಂತೆ ಅದು." ಪಕ್ಕದ ಅಂಗಡಿಯವರ ಕಾರು ಹತ್ತಿ ಹೊರಟೆ. ಭದ್ರಾವತಿ ಯಾವತ್ತೂ ಅಷ್ಟು ದೂರ ಅನ್ನಿಸಿರಲಿಲ್ಲ. ಹೋಗಿ ನೋಡಿದರೆ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಭಾವ ಸ್ನಾನ ಮಾಡಿ, ಇಸ್ತ್ರಿ ಪಂಚೆ ಉಟ್ಟು, ಹೊಸ್ತಿಲ ಹತ್ತಿರವೇ ಕುರ್ಚಿಯಲ್ಲಿ ಕೂತಿದ್ದರು, ಎಲ್ಲಿಗೋ ಹೊರಟವರ ಹಾಗೆ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನೂ ಕಾರು ತಂದವರೂ ಎಬ್ಬಿಸಲು ಹೋದರೆ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡರು. "ಮುಳುಗ್ಲಿ ಮಾರಾಯ್ತಿ, ಸೂರ್ಯ ಮುಳುಗ್ಲಿ" ಅಂತ ಅಷ್ಟೇ.

ಆಗ ನಿನ್ನ ಮಗಳು ಏನು ಮಾಡಿದಳು ಗೊತ್ತಾ? ಅಳು ನಿಲ್ಲಿಸಿದಳು. ನಿನ್ನ ಫೋನ್ ತಂದು ಅವರ ಮುಂದೆ ಮಂಡಿಯೂರಿ ಕೂತಳು. "ಅಪ್ಪಾ, ಹೊಸ್ತಿಲಿನ ಮಾತು ಬರೋದಕ್ಕಿಂತ ಮುಂಚೆ ಇವತ್ತು ಇದು ಏನು ಹೇಳ್ತು, ಇನ್ನೊಂದು ಸಲ ಕೇಳು" ಅಂದು ಒತ್ತಿದಳು. "ನಮಸ್ಕಾರ ವಸಂತಾ. ಇಂದು ನಿಮ್ಮ ಆರೋಗ್ಯ ಉತ್ತಮವಾಗಿರುತ್ತದೆ. ನಿಮ್ಮ ಆಯುಷ್ಯ ದೀರ್ಘವಾಗಿದೆ." ಭಾವ ಮಗಳನ್ನೇ ನೋಡಿದರು. ಸಿಂಚನಾ ಹೇಳಿದಳು, "ಅಮ್ಮ ಸತ್ತಿದಾಳೆ ಅಪ್ಪ. ಇದಕ್ಕೆ ಅದೂ ಗೊತ್ತಿಲ್ಲ. ನಿಂದು ಹೆಂಗೆ ಗೊತ್ತಾಗತ್ತೆ?" ಆ ಮಾತನ್ನು ಅಷ್ಟು ನೇರವಾಗಿ ಆ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ.  ಕುರ್ಚಿ ಹಿಡಿದಿದ್ದ ಕೈ ಸಡಿಲವಾಯಿತು. ಮೂವರೂ ಸೇರಿ ಎತ್ತಿಕೊಂಡು ಹೊಸ್ತಿಲು ದಾಟಿಸಿದೆವು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು, ಸಂಜೆಯವರೆಗೆ ಕಾದಿದ್ದರೆ ಉಳಿಯುತ್ತಿರಲಿಲ್ಲ ಅಂತ. ಸ್ಟೆಂಟ್ ಹಾಕಿದ್ದಾರೆ. ವಾರ್ಡಿಗೆ ಬಂದಮೇಲೆ ಭಾವ ತಾವೇ ನಿನ್ನ ಫೋನ್ ಕೇಳಿ ತೆಗೆದುಕೊಂಡರು, ಸ್ವಲ್ಪ ಹೊತ್ತು ಹಿಡಿದುಕೊಂಡು ನನ್ನ ಕೈಗೆ ಕೊಟ್ಟರು. "ನೀನೇ ಮಾಡು. ನನ್ ಕೈಲಿ ಆಗಲ್ಲ." ಸಿಂಚನಾ ದಾರಿ ತೋರಿಸಿದಳು. ಪ್ಲೇ ಸ್ಟೋರ್ ತೆಗೆದು, ಮೂಲೆಯಲ್ಲಿ ನಿನ್ನ ಫೋಟೋ ಇದ್ದ ದುಂಡು ಗುರುತು ಒತ್ತಿ, ಪೇಮೆಂಟ್ಸ್, ಅದರೊಳಗೆ ಸಬ್‌ಸ್ಕ್ರಿಪ್ಷನ್ಸ್. ಕ್ಯಾನ್ಸಲ್ ಒತ್ತಿದರೆ ಯಾಕೆ ಬಿಡುತ್ತಿದ್ದೀರಿ ಅಂತ ಕೇಳಿತು. ದುಬಾರಿಯಾಯಿತಾ, ಇನ್ನೊಂದು ಒಳ್ಳೇ ಆ್ಯಪ್ ಸಿಕ್ಕಿತಾ, ಬಳಸುತ್ತಿಲ್ಲವಾ... ನಿನ್ನದು ಅದರಲ್ಲಿ ಯಾವುದು ಅಕ್ಕಾ? ಬಳಸುತ್ತಿಲ್ಲ ಅಂತ ಒತ್ತಿದೆ. ಖಾತೆಯಿಂದ ತಾನಾಗಿ ಹೋಗುವ ಆಟೋಪೇಯನ್ನೂ ಸಿಂಚನಾ ನಿಲ್ಲಿಸಿದಳು. ಕಟ್ಟಿದ ಅವಧಿ ತಿಂಗಳ ಕೊನೆಯವರೆಗೂ ಇತ್ತು. ಅಲ್ಲಿಯವರೆಗೆ ಇರಲಿ, ಆಮೇಲೆ ತಾನೇ ಸುಮ್ಮನಾಗುತ್ತದೆ ಅಂದರು ಭಾವ. ಫೋನನ್ನು ನಾನು ವಿದ್ಯಾನಗರಕ್ಕೆ ತಂದು, ದನಿ ಅಡಗಿಸಿ ಬೀರುವಿನಲ್ಲಿಟ್ಟೆ.

ಭಾವ ಈಗ ಮೆಲ್ಲಗೆ ಓಡಾಡುತ್ತಾರೆ. ಸಿಂಚನಾ ಮತ್ತೆ ಶಂಕರಘಟ್ಟಕ್ಕೆ ಹೋಗುತ್ತಿದ್ದಾಳೆ. ಅಪ್ಪ ಮಗಳು ದಿನಕ್ಕೊಂದು ಸಲವಾದರೂ ನಿನ್ನ ಹೆಸರನ್ನು ಬಾಯಿಬಿಟ್ಟು ಹೇಳುತ್ತಾರೆ. "ವಸಂತಾ ಇದ್ದಿದ್ರೆ ಈ ಸಾರಿಗೆ ಇಷ್ಟು ಹುಳಿ ಹಾಕ್ತಿರ್ಲಿಲ್ಲ" ಅಂತ ಮೊನ್ನೆ ಭಾವನೇ ಅಂದರು. ಇಲ್ಲಿಗೆ ಈ ಕಾಗದ ಮುಗಿಸಬಹುದಿತ್ತು.

ಅವಧಿ ಮುಗಿದ ಮೇಲೆ, ದುಡ್ಡು ಮತ್ತೆ ಹೋಗಿರುವ ಬ್ಯಾಂಕಿನ ಸಂದೇಶ ಬಂದಿದೆಯಾ ನೋಡೋಣ ಅಂತ ನಿನ್ನ ಫೋನ್ ತೆರೆದೆ. ಪರದೆಯ ಮೇಲೆ ಒಂದು ಸಾಲು ಕಾಯುತ್ತಿತ್ತು. "ವಸಂತಾ, ನಿಮ್ಮ ತಂಗಿಯ ಬಗ್ಗೆ ಗಂಭೀರ ಸೂಚನೆ ಇದೆ. ಪೂರ್ತಿ ಓದಲು ನಿಮ್ಮ ಯೋಜನೆಯನ್ನು ನವೀಕರಿಸಿ." ನಿನಗೊಬ್ಬಳು ತಂಗಿ ಇದ್ದಾಳೆ ಅಂತ ಅದಕ್ಕೆ ಹೇಳಿದ್ದು ನೀನೇ ತಾನೆ? ಗಂಡ, ಮಗಳು, ತಂಗಿ, ಎಲ್ಲರನ್ನೂ ಅದಕ್ಕೆ ಒಪ್ಪಿಸಿ ಹೋಗಿದ್ದೀಯ. ಅದು ದುಡ್ಡು ಕೀಳುವ ಉಪಾಯ ಅಂತ ನನಗೆ ಗೊತ್ತು. ಭಾವನಿಗೆ ಅಷ್ಟೆಲ್ಲ ಬುದ್ಧಿ ಹೇಳಿದವಳು ನಾನೇ. ಆದರೂ ನನ್ನ ಹೆಬ್ಬೆರಳು ಆ ಸಾಲಿನ ಕೆಳಗಿದ್ದ ಹಸಿರು ಬಟನ್ನಿನ ಮೇಲೆಯೇ ನಿಂತುಬಿಟ್ಟಿತ್ತು. ಸಿಂಚನಾಳಿಗೆ ಫೋನ್ ಮಾಡಿ ಹೇಳಿದೆ. "ಅದನ್ನ ಬಿಡು ಚಿಕ್ಕಮ್ಮ. ಅಮ್ಮಂಗೆ ಎದೆ ಕ್ಯಾನ್ಸರ್ ಅಂದ್ಮೇಲೆ ತಂಗೀನೂ ಒಂದ್ಸಲ ಪರೀಕ್ಷೆ ಮಾಡಿಸ್ಬೇಕು ಅಂತ ಅಮ್ಮನ ಡಾಕ್ಟರು ಹೇಳಿದ್ರಲ್ಲ. ಮಾಡಿಸ್ದಾ?" ಅಂದಳು.

ಮಾಡಿಸಿಲ್ಲ. ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತಿದ್ದೇನೆ. ಎಡ ಎದೆಯಲ್ಲಿ, ಕಂಕುಳಿಗೆ ಹತ್ತಿರ, ಕಡಲೆಕಾಳಿನಷ್ಟು ಏನೋ ಕೈಗೆ ಸಿಗುತ್ತದೆ. ನೋವಿಲ್ಲ. ಆ ಸಾಲು ಬರುವುದಕ್ಕೆ ಎಷ್ಟೋ ಮೊದಲಿನಿಂದ ಇದೆ.

ಸೋಮವಾರ ಆಸ್ಪತ್ರೆಗೆ ಹೋಗುತ್ತಿದ್ದೇನೆ, ಸಿಂಚನಾ ಜೊತೆಗೆ ಬರುತ್ತಾಳೆ. ಆ ಸಾಲಿನಲ್ಲಿ ಮುಂದೇನಿತ್ತು ಅಂತ ನಾನು ಓದಿಲ್ಲ. ಓದುವುದಿಲ್ಲ ಅಂತ ನಿನಗೆ ಮಾತು ಕೊಡುತ್ತೇನೆ. ಆದರೆ ಅಕ್ಕಾ, ಫೋನನ್ನು ಮತ್ತೆ ಬೀರುವಿನಲ್ಲಿಟ್ಟು, ಸೋಮವಾರ ಬರುವವರೆಗೆ ಅದರ ಕೀಲಿಯನ್ನು ಸಿಂಚನಾಳ ಕೈಗೆ ಕೊಟ್ಟಿದ್ದೇನೆ.

ನಿನ್ನ
ಶೈಲಾ