ಪಾಠದ ಗ್ಯಾಪಿನಲ್ಲಿ

ಮನೆಯಿಂದ,
ಗುರುವಾರ, ಜುಲೈ ೯, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಉಬ್ಬಸ ಹೇಗಿದೆ? ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯೋ, ಅಥವಾ ಉಸಿರು ಕಟ್ಟಿದ ಮೇಲೆಯೇ ನೆನಪಾಗುವುದೋ? ನಾನು ಬರೆದ ಯಾವ ಪತ್ರಕ್ಕೂ ಉತ್ತರವಿಲ್ಲ. ಫೋನ್ ಮಾಡಿದರೆ ಆ ನಂಬರ್ ಚಾಲ್ತಿಯಲ್ಲಿಲ್ಲ ಎನ್ನುತ್ತದೆ. ನೀನು ಮುನಿಸಿಕೊಂಡರೆ ಗೋಡೆಯನ್ನಾದರೂ ಮಾತಾಡಿಸಬಹುದು, ನಿನ್ನನ್ನಲ್ಲ. ಆದರೂ ಇದು ಬರೀ ಮುನಿಸೇ ಆಗಿರಲಿ ಎಂದು ಆಸೆಪಡುವಷ್ಟು ಹೆದರಿದ್ದೇನೆ. ನಾನು ಚೆನ್ನಾಗಿದ್ದೇನೆ. ಅಮ್ಮನ ವಿಷಯ ಹೇಳಲೆಂದೇ ಈಗ ಬರೆಯಲು ಕೂತೆ.

ಅಮ್ಮನಿಗೆ ಲಕ್ವ ಹೊಡೆದದ್ದು, ಮಾತು ನಿಂತದ್ದು ಎಲ್ಲ ಹಿಂದಿನ ಪತ್ರದಲ್ಲಿದೆ. ಮಾತು ಕಲಿಸಲು ಬರುವ ಡಾಕ್ಟರಮ್ಮ, "ಅವರಿಗೆ ಇಷ್ಟವಾದ ದನಿ ಯಾವುದಾದ್ರೂ ಇದ್ರೆ ಕೇಳಿಸಿ, ಅದರ ಹಿಂದೇನೇ ಹೇಳೋಕೆ ನೋಡ್ಲಿ" ಅಂದರು. ಇಷ್ಟವಾದ ದನಿ ಅಂದರೆ ನಿನ್ನದೇ ತಾನೆ? ನನ್ನದನ್ನು ಕೇಳಿ ಕೇಳಿ ಅವಳ ಕಿವಿ ತೂತುಬಿದ್ದಿದೆ. ಅದಕ್ಕೇ ನಾವಿಬ್ಬರೂ ಪಾಠಗಳಿಗೆ ದನಿ ಕೊಡುತ್ತಿದ್ದ ಸ್ಟುಡಿಯೋದಿಂದ, ನೀನು ಓದಿಟ್ಟ ಇಂಗ್ಲಿಷ್ ಪದಪಾಠಗಳನ್ನು ತಂದೆ. ಮೊದಲು ಪದ, ಕೇಳುವವರು ಹೇಳಲೆಂದು ಒಂದು ಗ್ಯಾಪ್, ಆಮೇಲೆ ನಮ್ಮ ಮಾತಿನಲ್ಲಿ ಅರ್ಥ, ಮತ್ತೆ ಗ್ಯಾಪ್. ಪದಕ್ಕೆ ಮುಂಚೆ ನೀನು ಗಂಟಲು ಸರಿಮಾಡಿಕೊಳ್ಳುವ ಆ 'ಹ್ಞುಂ' ಕೂಡ ಹಾಗೇ ಇದೆ. "ಅದನ್ನ ಮನೇಲೇ ಮುಗಿಸ್ಕೊಂಡು ಬಾರಮ್ಮಾ" ಎಂದು ಬೈಯುತ್ತಿದ್ದ ರೆಕಾರ್ಡಿಂಗಿನ ಅಣ್ಣ, ಈಗ ಅದನ್ನು ಅಳಿಸಲು ಮನಸ್ಸೇ ಬರುವುದಿಲ್ಲ ಎನ್ನುತ್ತಾನೆ.

ಅಮ್ಮ ಹಿಡಿದುಕೊಂಡದ್ದು ದೂರ-ಹತ್ತಿರದ ಪಾಠ. ಬೇರೆ ಹಾಕಿದರೆ ಮುಖ ತಿರುಗಿಸಿಬಿಡುತ್ತಾಳೆ. 'ಫಾರ್' ಎಂದರೆ ದೂರ. ಬಾಯಿ ಅಗಲಿಸಿ, ಕೊನೆಯ ಅಕ್ಷರವನ್ನು ತೇಲಿಸಿಬಿಡಬೇಕು. 'ನಿಯರ್', ಹತ್ತಿರ. 'ಬಿಸೈಡ್', ಪಕ್ಕದಲ್ಲಿ, ಒತ್ತು 'ಸೈ' ಮೇಲೆ. ಕೊನೆಗೆ 'ಇನ್‌ಸೈಡ್', ಒಳಗೆ. ಹುಟ್ಟಿದಾಗಿನಿಂದ ಇಂಗ್ಲಿಷ್ ಆಡದ ಅಮ್ಮ, ನೀರು ಬೇಕೆನ್ನಲೂ ನಾಲಿಗೆ ಹೊರಳದ ಅಮ್ಮ, ಗ್ಯಾಪ್ ಬಂದಾಗ ಇವನ್ನೆಲ್ಲ ನಿನ್ನ ಹಾಗೇ ಹೇಳತೊಡಗಿದಳು! ನಾನು ಡಾಕ್ಟರಮ್ಮನ ಕೈ ಹಿಡಿದು ಕುಣಿಯುವುದೊಂದು ಬಾಕಿ.

ಸೋಮವಾರ ಮಾತ್ರ, ಪಾಠ ಹಾಕುವ ಮೊದಲೇ ಅಮ್ಮ ನನ್ನತ್ತ ನೋಡಿ 'ಫಾರ್' ಎಂದಳು. ಎಂದು ಬಾಯಿ ಮುಚ್ಚಿ ಕಾದಳು. ಈ ಸಲ ಹಿಂದೆ ಹೇಳಬೇಕಾದವಳು ನಾನು. ಆದರೆ ಕಸುಬಿನ ಚಾಳಿ ಎಲ್ಲಿ ಬಿಡುತ್ತದೆ? ನೀನೇ ಕಲಿಸಿದ್ದು: "ಗ್ಯಾಪ್ ನಮ್ದಲ್ಲ ಕಣೇ, ಕೇಳೋರ್ದು. ಉಗುಳೂ ನುಂಗ್ಬೇಡ." ಪದ ಕಿವಿಗೆ ಬಿದ್ದದ್ದೇ ತಡ, ಉಸಿರು ಬಿಗಿಹಿಡಿದು ಕೂತುಬಿಟ್ಟೆ. ಆಗ ಬೀದಿಯ ಕೊನೆಯಿಂದ ಯಾರೋ 'ಫಾರ್' ಎಂದರು. ದಾರಿಹೋಕರು ಅಂದುಕೊಂಡೆ. ಮರುದಿನ ಅಮ್ಮ 'ನಿಯರ್' ಎಂದಳು. ನಾನು ಮತ್ತೆ ಸುಮ್ಮನೆ. ಗೇಟಿನ ಹತ್ತಿರ ಮೊದಲು 'ಹ್ಞುಂ', ಆಮೇಲೆ ಆ ಪದ. ಓಡಿಹೋಗಿ ನೋಡಿದರೆ ಬೀದಿ ಖಾಲಿ. ಪಕ್ಕದ ಮನೆಯ ನಾಯಿಯೊಂದೇ ನಮ್ಮ ಗೇಟು ನೋಡುತ್ತ ಬಾಲ ಆಡಿಸುತ್ತಿತ್ತು. ನಿನ್ನೆ 'ಬಿಸೈಡ್'. ಅದು ಈ ಕಿಟಕಿಯ ಪಕ್ಕದಲ್ಲೇ ಕೇಳಿಸಿತು. ನಾನು ಮಂಚದ ಕಾಲು ಹಿಡಿದುಕೊಂಡೆ. ಅಮ್ಮ ಮಾತ್ರ, ತಪ್ಪಿಲ್ಲದೆ ಮಗ್ಗಿ ಒಪ್ಪಿಸಿದ ಮಗುವನ್ನು ನೋಡುವಂತೆ ಕಿಟಕಿಯ ಕಡೆ ತಲೆಯಾಡಿಸಿದಳು.

"ಇನ್ನೊಂದು ಸಲ ಈ ಮನೆ ಹೊಸ್ತಿಲು ತುಳೀಬೇಡ" ಎಂದು ನೀನು ಮನೆ ಬಿಟ್ಟ ದಿನ ಅವಳು ನಿನಗೆ ಹೇಳಿದಳಲ್ಲ, ಅದನ್ನು ವಾಪಸು ತೆಗೆದುಕೊಳ್ಳಲು ಅವಳ ಬಾಯಲ್ಲಿ ಈಗ ಉಳಿದಿರುವುದು ಈ ಪಾಠ ಒಂದೇ. ಅವಳು ನಿನ್ನನ್ನು ಕರೆಯುತ್ತಿದ್ದಾಳೆ, ಅದರಲ್ಲಿ ನನಗೆ ಅನುಮಾನವಿಲ್ಲ. ಓಗೊಡುತ್ತಿರುವವಳು ನೀನೇ ಆದರೆ ಎಲ್ಲಿಂದ, ಯಾವ ಸ್ಥಿತಿಯಲ್ಲಿ ಓಗೊಡುತ್ತಿದ್ದೀಯ ಎಂಬುದಷ್ಟೇ ಭಯ. ಬದುಕಿರುವವರು ಬಸ್ಸಿಳಿದು, ಚಿಲ್ಲರೆಗೆ ಜಗಳವಾಡಿ, ಬೆವರು ಒರೆಸಿಕೊಂಡು ಬರುತ್ತಾರೆ. ಹೀಗೆ ದಿನಕ್ಕೊಂದು ಪದ ಹತ್ತಿರವಾಗುವುದಿಲ್ಲ. ಒಂದು ಸಾಲು ಬರೆ ಅಕ್ಕಾ. ಬೈದಾದರೂ ಬರೆ.

ತಣ್ಣೀರು ಕುಡಿಯಬೇಡ, ಧೂಳಿನಲ್ಲಿ ಓಡಾಡಬೇಡ. ಅಮ್ಮನ ಆಶೀರ್ವಾದವಿದೆ, ಹೇಳಲಾರಳು, ಆದರೆ ಇದೆ.

ನಿನ್ನ ತಂಗಿ,
ಪಿಟೀಲು
(ಚಿಕ್ಕಂದಿನಲ್ಲಿ ಸದಾ ಅಳುತ್ತೇನೆಂದು ಈ ಹೆಸರಿಟ್ಟವಳು ನೀನೇ, ಈಗಲೂ ಅದೇ ಕೆಲಸದಲ್ಲಿದ್ದೇನೆ.)

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ ಅಮ್ಮನಿಗೆ ಎಚ್ಚರವಾಯಿತು. 'ಇನ್‌ಸೈಡ್' ಎಂದಳು. ನಾನೇ ಹಿಂದೆ ಹೇಳಿಬಿಟ್ಟರೆ ಗ್ಯಾಪ್ ತುಂಬುತ್ತದೆ, ಇನ್ಯಾರೂ ಬರಬೇಕಿಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ, ಬಾಗಿಲನ್ನೇ ನೋಡುತ್ತ ಕಾಯುತ್ತಿದ್ದ ಅವಳ ಮುಖ ನೋಡಿದೆ. ಬಾಯಿ ಮುಚ್ಚಿಕೊಂಡೆ. ಈ ಪತ್ರ ನಿನ್ನ ಕೈಗೆ ಸಿಕ್ಕಿದರೆ ಆ ಕ್ಷಣವೇ ಫೋನ್ ಮಾಡು, ನಿನ್ನ ಕಾಲಿಗೆ ಬೀಳುತ್ತೇನೆ. ಈಗ ನನ್ನ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಇಷ್ಟು ಬರೆದು ಮುಗಿಸಿ ತಿರುಗುತ್ತೇನೆ. ನೀನೇ ಆಗಿದ್ದರೆ ಅಕ್ಕಾ, ನಿಂತೇ ಇರಬೇಡ. ಅಮ್ಮನ ಮಂಚದ ಪಕ್ಕ ಕುರ್ಚಿ ಹಾಕಿದ್ದೇನೆ, ಕೂತುಕೋ.