ಅರ್ಧ ಮಗುವಿನದು

ರುಶಾನ್
ಶುಕ್ರವಾರ, 23 ಮೇ 2014

ಪ್ರೀತಿಯ ಪರ್ವೋನಾಳ ಅಪ್ಪನಿಗೆ, ನಿಮ್ಮ ಗುಲ್‌ಬೇಗಿಮ್ ಮಾಡುವ ಸಲಾಮು.

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಮುಂಚೆ ನಾನು ಹೆಣೆದು ಕಳಿಸಿದ ಉಣ್ಣೆ ಪಟ್ಟಿಯನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತೀರೋ, ಇಲ್ಲ ಅದು ಹಾಸಿಗೆಯಡಿ ನಿದ್ದೆ ಮಾಡುತ್ತಿದೆಯೋ? ನಾವಿಲ್ಲಿ ಚೆನ್ನಾಗಿದ್ದೇವೆ. ನಿಮ್ಮ ತಾಯಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಬೆಳಿಗ್ಗೆ ಉಪ್ಪು ಹಾಕಿದ ಹಾಲು ಚಹಾದಲ್ಲಿ ರೊಟ್ಟಿ ಮುರಿದುಕೊಂಡು ಎರಡು ಬಟ್ಟಲು ಮುಗಿಸುತ್ತಾರೆ, ಆಮೇಲೆ ತಮಗೆ ಹಸಿವೆಯೇ ಆಗುವುದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಹಿಪ್ಪುನೇರಳೆ ಇನ್ನೂ ಹಣ್ಣಾಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು "ಕೆಲಸದಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಅಂದು ಮೂರು ವಾರವಾಯಿತು. ಪಕ್ಕದ ಮನೆಯ ಸುರಯ್ಯಾ ನಾಳೆ ನೀವೂ ಅವಳ ಗಂಡನೂ ಇರುವ ಮಾಸ್ಕೋಗೇ ಹೊರಟಿದ್ದಾಳೆ. ಅವಳ ಕೈಗೆ ಕೊಡೋಣವೆಂದು ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲೇ ಕೂತು ಬರೆಯುತ್ತಿದ್ದೇನೆ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ.

ನಾಳೆ ಶಾಲೆ ಮುಗಿಸುವ ಹನ್ನೊಂದನೇ ತರಗತಿಯ ರಿಜಿಸ್ಟರ್ ಮುಚ್ಚಬೇಕು. ನೀವು ಇದೇ ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದಾಗ ಇದು ನಮ್ಮಿಬ್ಬರ ಹಬ್ಬ, ನೆನಪಿದೆಯೇ? ಈ ಮೇಜಿನ ಆಚೆ ನೀವು, ಈಚೆ ನಾನು. ನಾಲ್ಕು ಟರ್ಮುಗಳ ಅಂಕವನ್ನು ನೀವು ಓದುತ್ತಿದ್ದಿರಿ, ನಾನು ಕೂಡಿ ನಾಲ್ಕರಿಂದ ಭಾಗಿಸುತ್ತಿದ್ದೆ. ಲೆಕ್ಕ ಅರ್ಧಕ್ಕೆ ಬಂದು ನಿಂತರೆ ಪೆನ್ನೆತ್ತಿ ನಿಮ್ಮ ಮುಖ ನೋಡುತ್ತಿದ್ದೆ. "ನೋಡೋದೇನು ಬಂತು? ಅರ್ಧ ಮಗೂದು!" ಅನ್ನುತ್ತಿದ್ದಿರಿ. ನಾನು ಮೇಲಿನ ಅಂಕ ಬರೆಯುತ್ತಿದ್ದೆ. ಈಗ ನಾನೇ ಓದುತ್ತೇನೆ, ನಾನೇ ಬರೆಯುತ್ತೇನೆ. ನಿಮ್ಮ ಕುರ್ಚಿಯ ಮೇಲೆ ಭೂಪಟಗಳ ಸುರುಳಿ ಪೇರಿಸಿಟ್ಟಿದ್ದಾರೆ. ಆದರೂ ಇವತ್ತು ಎರಡು ಸಲ ಪೆನ್ನೆತ್ತಿ ಆ ಕಡೆ ನೋಡಿಬಿಟ್ಟೆ.

ಇಪ್ಪತ್ತೆರಡು ಮಕ್ಕಳಲ್ಲಿ ಇಪ್ಪತ್ತೊಂದು ಮುಗಿದವು. ಉಳಿದಿರುವುದು ನಮ್ಮ ಪರ್ವೋನಾ. ಗಣಿತದಲ್ಲಿ ಅವಳಿಗೆ ಐದು, ನಾಲ್ಕು, ಐದು, ನಾಲ್ಕು. ಒಟ್ಟು ಹದಿನೆಂಟು, ಸರಾಸರಿ ನಾಲ್ಕೂವರೆ. ಬದಲಾದೀತೇನೋ ಎಂಬಂತೆ ಮೂರು ಸಲ ಭಾಗಿಸಿದೆ. ಮಿಕ್ಕ ಹದಿನಾರು ವಿಷಯಗಳಲ್ಲೂ ಅವಳಿಗೆ ಐದಕ್ಕೆ ಐದೇ. ಗಣಿತಕ್ಕೂ ಐದು ಬಿದ್ದರೆ ಚಿನ್ನದ ಪದಕ, ಪ್ರವೇಶ ಪರೀಕ್ಷೆಯಿಲ್ಲದೆ ರಾಜಧಾನಿ ದುಶಾನ್ಬೆಯಲ್ಲಿ ಡಾಕ್ಟರಿಕೆ. ನಾಲ್ಕು ಬಿದ್ದರೆ ಒಟ್ಟು ಸರಾಸರಿ 4.94, ಪದಕವಿಲ್ಲ. ಇಡೀ ಶಾಲೆಯಲ್ಲಿ ಅವಳಿಗೆ ನಾಲ್ಕು ಕೊಟ್ಟವಳು ನಾನೊಬ್ಬಳೇ.

ಬೆಳಿಗ್ಗೆ ಅದೇ ಪುಟದಲ್ಲಿ ಇಬ್ಬರು ಮಕ್ಕಳಿಗೆ ಅರ್ಧ ಕೊಟ್ಟೆ. ಆಗ ಯೋಚನೆಯೇ ಬರಲಿಲ್ಲ. ನನ್ನ ಮಗಳ ಸಾಲಿಗೆ ಬಂದಾಗ ಕೈ ನಿಂತಿತು. ರಷ್ಯನ್ ಕಲಿಸುವ ಬಖ್ತ್‌ಮೋ ನಿಮಗೆ ಗೊತ್ತಲ್ಲ, ನಾಲಿಗೆಗೆ ಮೂಳೆಯಿಲ್ಲದವಳು, ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ "ಹೆತ್ತವ್ರಿಗೆ ಹೆಗ್ಗಣ ಮುದ್ದು ಅಂತಾರೆ. ಹೆಗ್ಗಣಕ್ಕೆ ಮಾರ್ಕ್ಸ್ ಹಾಕೋಳೂ ಹೆತ್ತೋಳೇ ಆದ್ರೆ ಇನ್ನು ಕೇಳ್ಬೇಕಾ!" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಹೊರಗೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದೆ.

ಮಧ್ಯಾಹ್ನ ಪರ್ವೋನಾ ಬಂದಳು, ಖಾಲಿ ಚೌಕ ನೋಡಿದಳು. "ಊರೋರ ಮಕ್ಕಳಿಗೆಲ್ಲ ಅರ್ಧ ಕೊಡ್ತೀಯಲ್ಲಮ್ಮಾ, ನಿನ್ನ ಮಗಳಾಗಿದ್ದೇ ನನ್ನ ತಪ್ಪಾ?" ಅಂದಳು. "ಕೊನೇ ಟರ್ಮಿನ ಪರೀಕ್ಷೇಲಿ ಕೊನೇ ಲೆಕ್ಕ ಯಾಕೆ ಬಿಟ್ಟೆ? ಬರ್ತಿತ್ತಲ್ಲ ನಿಂಗೆ?" ಅಂದೆ. ಚೀಲ ಎತ್ತಿಕೊಂಡು ಹೋದಳು. ಹಟದಲ್ಲಿ ನಿಮ್ಮ ಪಡಿಯಚ್ಚು.

ಊರಿನ ಬಾಯಿಗೆ ನಾನು ಹೆದರುವವಳಲ್ಲ. ನನ್ನ ಹೆದರಿಕೆ ಬೇರೆ. ಐದು ಹಾಕಿದರೆ ಅದು ನ್ಯಾಯವೋ ಮೋಹವೋ ನನಗೇ ತಿಳಿಯುತ್ತಿಲ್ಲ. ನಾಲ್ಕು ಹಾಕಿದರೆ ಅದು ನ್ಯಾಯವೋ ನನ್ನ ಮರ್ಯಾದೆಯ ಚಿಂತೆಯೋ, ಅದೂ ತಿಳಿಯುತ್ತಿಲ್ಲ. ಇಂಥದ್ದನ್ನು ಕೇಳುವುದಕ್ಕೆ ನನಗಿರುವುದು ನೀವೊಬ್ಬರು. ನೀವಿಲ್ಲದೆ ನನಗೆ ಬಹಳ ಬೇಸರ, ಮನೆಗಿಂತ ಈ ಮೇಜಿನ ಮುಂದೆ ಹೆಚ್ಚು. ಪತ್ರ ನಿಮ್ಮ ಕೈಸೇರುವ ಹೊತ್ತಿಗೆ ರಿಜಿಸ್ಟರ್ ಮುಚ್ಚಿರುತ್ತದೆ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ: ಏನು ಹಾಕಲಿ?

ಸುರಯ್ಯಾಳ ಜೊತೆ ಹೋದ ವರ್ಷ ಒಣಗಿಸಿದ ಹಿಪ್ಪುನೇರಳೆಯ ಗಂಟು ಕಳಿಸಿದ್ದೇನೆ, ಕೋಣೆಯವರಿಗೆಲ್ಲ ಹಂಚಿ ನಿಮಗೂ ಸ್ವಲ್ಪ ಉಳಿಸಿಕೊಳ್ಳಿ. ನಿಮ್ಮ ತಾಯಿ ನಿಮ್ಮ ಹಣೆಗೆ ಮುತ್ತಿಟ್ಟಿದ್ದಾರೆ ಎಂದು ಬರೆಯಲು ಹೇಳಿದರು, ಬರೆದಿದ್ದೇನೆ. ದೇವರು ನಿಮ್ಮ ಬೆನ್ನು ಕಾಯಲಿ.

ನಿಮ್ಮ ದಾರಿ ನೋಡುವ,
ಗುಲ್‌ಬೇಗಿಮ್

ತಾ.ಕ.: ಲಕೋಟೆ ಹುಡುಕುತ್ತ ಕೊನೇ ಟರ್ಮಿನ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಪರ್ವೋನಾಳ ಪತ್ರಿಕೆಯ ಹಿಂದೆ ಕಚ್ಚಾ ಲೆಕ್ಕದ ಹಾಳೆಯೊಂದಿತ್ತು. ತಿದ್ದುವಾಗ ತಿರುಗಿಸಿಯೇ ನೋಡಿರಲಿಲ್ಲ. ಕೊನೇ ಲೆಕ್ಕ ಮಾಡಬೇಕಾದ ಕಡೆ ಒಂದರ ಕೆಳಗೊಂದು ಬರೆದಿದ್ದಾಳೆ: 40, 29, 0, 24, 0, 0. ಇಪ್ಪತ್ನಾಲ್ಕು ಕಂಡಾಗ ತಿಳಿಯಿತು. ಅದು ಮಾವ ತೀರಿಕೊಂಡ ವರ್ಷ ನೀವು ಮನೆಯಲ್ಲಿದ್ದ ದಿನಗಳು. ನೀವು ಹೋದ ಮೇಲಿನ ಆರು ವರ್ಷಕ್ಕೆ ತೊಂಬತ್ತಮೂರು ದಿನ. ಆರರಿಂದ ಭಾಗಿಸಿ ಹದಿನೈದೂವರೆ ಅಂತ ಬರೆದು, ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಹದಿನಾರು ಮಾಡಿ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಅರ್ಧ ನಿಮಗೆ ಕೊಟ್ಟಿದ್ದಾಳೆ.

ನಾನು ಐದು ಹಾಕಿದೆ, ಶಾಯಿಯಲ್ಲಿ. ಪದಕ ಕೊಡುವುದು ಜೂನ್ ಇಪ್ಪತ್ತಕ್ಕೆ. ಹದಿನಾರು ದಿನಕ್ಕಾದರೂ ಬನ್ನಿ.